ಬಾಗಿಲ ಹೊರಗೆ ನಿಂತ ಹೆಜ್ಜೆ

ದೆವ್ವಕ್ಕೆ ಕಾಲಿಲ್ಲ ಎನ್ನುವವರು ಒಮ್ಮೆ ಸದ್ದಕ್ಕನ ಸ್ಟುಡಿಯೋಗೆ ಬಂದು ನೋಡಬೇಕಿತ್ತು. ಅಲ್ಲಿ ದೆವ್ವಕ್ಕೆ ಕಾಲೂ ಇತ್ತು, ಕಾಲಿಗೆ ಬೇಕಾದ ಚಪ್ಪಲಿಗಳೂ ಒಂದು ಕಪಾಟಿನ ತುಂಬ ಇದ್ದವು. ಎತ್ತರ ಹಿಮ್ಮಡಿಯವು, ಮರದ ಅಟ್ಟೆಯವು, ಕಿರುಗುಟ್ಟುವ ಬೂಟುಗಳು, ಬಾರು ಕಿತ್ತುಹೋಗಿ ಪಿನ್ನು ಹಾಕಿಸಿಕೊಂಡವು. ಯಾವುದನ್ನು ಮೆಟ್ಟಿ, ಯಾವ ನೆಲದ ಮೇಲೆ, ಎಷ್ಟು ಭಾರ ಬಿಟ್ಟು ನಡೆದರೆ ಕೇಳುವವರ ಮೈ ಜುಮ್ಮೆನ್ನುತ್ತದೆ ಎಂದು ತಿಳಿದಿರುವುದೇ ಅವಳ ಕಸುಬು. ಮೂಳೆ ಮುರಿಯುವ ಸದ್ದಿಗೆ ಹಸಿ ಕ್ಯಾರೆಟ್ಟು, ಬಾವಲಿಯ ರೆಕ್ಕೆಗೆ ತೊಗಲಿನ ಕೈಗವಸು, ಬೆಂಕಿಗೆ ಬಿಸ್ಕತ್ತಿನ ಪೊಟ್ಟಣದ ಕಾಗದ. ಮುರಿದ ಮೂಳೆಗಳನ್ನು ಸಂಜೆ ಚೀಲಕ್ಕೆ ಹಾಕಿಕೊಂಡು ಹೋಗಿ ಮನೆಯ ಅಡುಗೆಗೆ ಹಾಕುತ್ತಿದ್ದಳು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಯಾರಿಗಾದರೂ ನೆನಪಾಗುತ್ತಿತ್ತು, ಉಳಿದ ದಿನವೆಲ್ಲ ಎಲ್ಲರಿಗೂ ಅವಳು ಸದ್ದಕ್ಕ.

ಸ್ಟುಡಿಯೋ ಎಂದರೆ ದೊಡ್ಡದೇನಲ್ಲ, ಒಂದು ಹಳೆಯ ಕಟ್ಟಡದ ನೆಲಮಾಳಿಗೆ. ಗೋಡೆಗೆಲ್ಲ ದಪ್ಪ ಕಂಬಳಿ, ಚಾವಣಿಗೆ ಸ್ಪಂಜು. ಕದ ಹಾಕಿದರೆ ಹೊರಗೆ ಊರು ಇದೆಯೋ ಇಲ್ಲವೋ ಎನ್ನುವಷ್ಟು ನಿಶ್ಶಬ್ದ. ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಸ್ವಂತ ರೆಪ್ಪೆ ಬಡಿಯುವುದೂ ಕೇಳಿಸಿದಂತಾಗುತ್ತಿತ್ತು. ನೆಲದ ಮೇಲೆ ಚೌಕ ಚೌಕವಾಗಿ ಹಲಗೆ, ಕಲ್ಲು, ಜಲ್ಲಿ, ಒಣ ಎಲೆ ತುಂಬಿದ ತಟ್ಟೆಗಳು. ನಡುವೆ ಯಾವ ಮನೆಗೂ ಸೇರದ ಒಂದು ಬಾಗಿಲು, ಚೌಕಟ್ಟಿನ ಸಮೇತ. ಗಾಜಿನ ಆಚೆ ಕಿವಿಗೆ ಹೆಡ್‌ಫೋನು ಏರಿಸಿಕೊಂಡ ರೆಕಾರ್ಡಿಂಗ್‌ನವನು. ಅಲ್ಲಿಗೆ ಇಳಿದರೆ ಹೊತ್ತು ಹೋಗಿದ್ದೇ ಗೊತ್ತಾಗುತ್ತಿರಲಿಲ್ಲ. ಎಚ್ಚರವಿದ್ದೇ ನಿದ್ದೆಯೊಳಗೆ ಓಡಾಡಿಕೊಂಡ ಹಾಗೆ ದಿನ ಕಳೆಯುತ್ತಿತ್ತು.

ಈ ಸಲದ ಕೆಲಸ ಫೋನಿನಲ್ಲಿ ಕೇಳುವ ಧಾರಾವಾಹಿ. ಕಣ್ಣಿಗೆ ಏನೂ ಇಲ್ಲ, ಎಲ್ಲ ಕಿವಿಗೇ. ನಿರ್ದೇಶಕ ಗಡ್ಡ ಬಿಟ್ಟ ಹುಡುಗ. ಓದಿದ್ದು ಬಹಳ, ಮಲಗಿದ್ದು ಕಡಿಮೆ ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಮೊದಲ ದಿನವೇ ಎಲ್ಲರನ್ನೂ ಕೂರಿಸಿಕೊಂಡು ಪಾಠ ಮಾಡಿದ.

“ಇದಕ್ಕೆ ಗಾಥಿಕ್ ಅಂತಾರೆ. ಬರೀ ದೆವ್ವದ ಕಥೆ ಅಂದ್ಕೋಬೇಡಿ, ಇದು ಮನೆ ಕಥೆ. ಒಂದು ದೊಡ್ಡ ಹಳೇ ಮನೆ. ಅಲ್ಲಿಗೆ ಮದುವೆಯಾಗಿ ಬಂದ ಹೊಸ ಹುಡುಗಿ. ಬೀಗ ಹಾಕಿರೋ ಒಂದು ಕೋಣೆ. ಜಾಸ್ತಿ ಮಾತಾಡದೆ ಓಡಾಡ್ಕೊಂಡಿರೋ ಒಬ್ಬಳು ವಯಸ್ಸಾದ ಹೆಂಗಸು. ಕೊನೇಲಿ ಬೆಂಕಿ. ಇನ್ನೂರು ವರ್ಷಕ್ಕಿಂತ ಹೆಚ್ಚು ಕಾಲದಿಂದ ಜನ ಇದನ್ನೇ ಓದ್ತಾ ಬಂದಿದಾರೆ. ಪುಸ್ತಕದಿಂದ ಪರದೆಗೆ ಬಂತು, ಪರದೆಯಿಂದ ಈಗ ಕಿವಿಗೆ ಬಂದಿದೆ. ಸಾಯೋ ಜಾತಿಯ ಕಥೆ ಅಲ್ಲ ಇದು.”

“ಆ ಮನೇಲಿ ಕರೆಂಟ್ ಇಲ್ವಾ ಸರ್?” ನಾಯಕಿಗೆ ದನಿ ಕೊಡುವವಳು ಕೇಳಿದಳು.

“ಇದ್ರೂ ಲೈಟ್ ಹಾಕಲ್ಲ. ಹಾಕಿದ್ರೆ ಕಥೆ ಮುಗೀತಲ್ಲ!”

ಸದ್ದಕ್ಕನಿಗೆ ಆ ನಾಯಕಿಯ ಮೇಲೆ ಕನಿಕರಕ್ಕಿಂತ ಸಿಟ್ಟೇ ಹೆಚ್ಚು ಬರುತ್ತಿತ್ತು. ಅಲ್ಲ, ಅಷ್ಟು ದೊಡ್ಡ ಮನೆಯಲ್ಲಿ ಬೇರೆ ಕೋಣೆಗಳು ಸಾಲದೆ, ಬೀಗ ಹಾಕಿದ ಕೋಣೆಯೇ ಬೇಕಾ ಇವಳಿಗೆ? ಅದೂ ಮೇಣದಬತ್ತಿ ಹಿಡಿದುಕೊಂಡು, ಬರಿಗಾಲಲ್ಲಿ? ತೆಪ್ಪಗೆ ಹೊದ್ದು ಮಲಗಬಾರದಾ? ಆದರೆ ಕೆಲಸ ಕೆಲಸವೇ. ಕಥೆಯಲ್ಲಿ ನಡುರಾತ್ರಿ ಆಗಿದ್ದರೂ ಸ್ಟುಡಿಯೋದಲ್ಲಿ ಅದು ಬೆಳಗಿನ ಕಾಫಿಯ ಹೊತ್ತು. ಲೋಟ ಕೆಳಗಿಟ್ಟು ಸದ್ದಕ್ಕ ಬಾವಲಿಯಾಗುತ್ತಿದ್ದಳು, ಗಾಳಿಯಾಗುತ್ತಿದ್ದಳು, ತುಕ್ಕು ಹಿಡಿದ ತಿರುಗಣಿಯಾಗುತ್ತಿದ್ದಳು.

ಎಲ್ಲ ಸರಿಯಾಗಿ ನಡೆಯುತ್ತಿದ್ದದ್ದು ಆ ವಯಸ್ಸಾದ ಹೆಂಗಸಿನ ಹೆಜ್ಜೆಯ ಹತ್ತಿರ ಬಂದು ನಿಂತಿತು. ದಿನಾ ನಾಯಕಿ ಮಲಗಿದ ಮೇಲೆ ಆ ಹೆಂಗಸು ಮೊಗಸಾಲೆಯಲ್ಲಿ ನಡೆದು ಬಂದು, ಬಾಗಿಲ ಹೊರಗೆ ನಿಂತು, ಹಾಗೇ ಹಿಂತಿರುಗಬೇಕು. ಅವಳು ಯಾರು, ಯಾಕೆ ಬರುತ್ತಾಳೆ ಎಂದು ಕೊನೆಯ ಕಂತಿನವರೆಗೆ ಹೇಳುವ ಹಾಗಿಲ್ಲ.

“ನಡೆಯೋ ಹೆಜ್ಜೆಗೆ ಯಾರೂ ಹೆದರಲ್ಲ ಅಕ್ಕ, ನಿಲ್ಲೋ ಹೆಜ್ಜೆಗೆ ಹೆದರ್ತಾರೆ,” ಎಂದ ನಿರ್ದೇಶಕ. “ಒಳಗೂ ಬರದೆ, ವಾಪಸ್ಸೂ ಹೋಗದೆ ಬಾಗಿಲ ಹೊರಗೆ ನಿಂತ್ಬಿಡುತ್ತಲ್ಲ, ಅದು.”

ಇದೇನು ಸದ್ದಕ್ಕನಿಗೆ ಹೊಸ ಪಾಠವಲ್ಲ. ಬಾಗಿಲ ಹೊರಗೆ ನಿಂತ ಹೆಜ್ಜೆಗೆ ಈ ಕಸುಬಿನಲ್ಲಿ ಒಂದೇ ಅರ್ಥ, ಕೇಡು. ಕಪಾಟಿನ ಚಪ್ಪಲಿಗಳನ್ನೆಲ್ಲ ಮೆಟ್ಟಿ ನಡೆದು ತೋರಿಸಿದಳು. ಒಂದಕ್ಕೆ “ನಾಟಕದ ಹಾಗಿದೆ” ಎಂದ, ಇನ್ನೊಂದಕ್ಕೆ “ಪೊಲೀಸ್ ಬಂದ ಹಾಗಿದೆ” ಎಂದ. ಬೇಸರ ಹತ್ತಿ ಎಲ್ಲರೂ ಊಟಕ್ಕೆ ಎದ್ದರು. ಊಟ ಮುಗಿಸಿ ಬಂದಾಗ ಸದ್ದಕ್ಕನ ಕಣ್ಣು ಎಳೆಯುತ್ತಿತ್ತು. ಸವೆದ ರಬ್ಬರ್ ಚಪ್ಪಲಿಯೊಂದನ್ನು ಕಾಲಿಗೆ ಸಿಕ್ಕಿಸಿಕೊಂಡು, ಏನೂ ಯೋಚಿಸದೆ, ಅರೆಗಣ್ಣಿನಲ್ಲೇ ಕಲ್ಲಿನ ಮೇಲೆ ನಡೆದಳು. ಚಪ್ಪಲಿ ಹಿಮ್ಮಡಿಗೆ ಬಡಿದು ಸದ್ದಾಗದ ಹಾಗೆ ಬೆರಳಲ್ಲಿ ಬಿಗಿಹಿಡಿದ ನಡಿಗೆ. ಎಡಗಾಲು ಒಂದಿಷ್ಟು ಎಳೆಯುತ್ತಿತ್ತು. ಬಾಗಿಲ ಮುಂದೆ ನಿಂತಿತು. ನಿಂತ ಕಾಲಿನ ಭಾರ ಈ ಕಡೆಯಿಂದ ಆ ಕಡೆಗೆ ಬದಲಾಯಿತು. ಒಂದು ಉಸಿರು. ಮತ್ತೆ ಅದೇ ಮೆಲ್ಲನೆಯ ಎಳೆತದಲ್ಲಿ ಹಿಂದಕ್ಕೆ.

ಗಾಜಿನ ಆಚೆ ರೆಕಾರ್ಡಿಂಗ್‌ನವನು ಹೆಡ್‌ಫೋನು ತೆಗೆದು ಕೈಯ ರೋಮ ನೋಡಿಕೊಂಡ. ನಿರ್ದೇಶಕ ಓಡಿಬಂದ. “ಅಕ್ಕ! ಎಲ್ಲಿಂದ ತಂದ್ರಿ ಇದನ್ನ?”

“ಮನೆಯಿಂದ,” ಎಂದಳು ಸದ್ದಕ್ಕ. ಎಲ್ಲರೂ ನಕ್ಕರು.

ಅದು ಸುಳ್ಳಲ್ಲ. ಆ ಹೆಜ್ಜೆ ಅವಳ ಅತ್ತೆಯದು.

ಅತ್ತೆ ಶಾಲೆಯಲ್ಲಿ ವ್ಯಾಯಾಮದ ಮೇಡಂ ಆಗಿದ್ದವರು. ಕೊರಳಲ್ಲಿ ಸೀಟಿ, ಗಂಟಲಲ್ಲಿ ಮೈದಾನ. ನಿವೃತ್ತಿಯಾದರೂ ಮೈದಾನ ಗಂಟಲಿನಿಂದ ಇಳಿಯಲಿಲ್ಲ. “ಉಪ್ಪು ಕೊಡು” ಎಂದರೂ ಪಕ್ಕದ ಮನೆಯವರು ಎದ್ದು ನಿಲ್ಲುವ ಹಾಗಿರುತ್ತಿತ್ತು. ಬಚ್ಚಲಿಗೆ ಹೋದರೂ ಕವಾಯತು. ಸೊಸೆಯ ಮೇಲೆ ಕೋಪವಿರಲಿಲ್ಲ, ಕೊಂಡಾಟವೂ ಇರಲಿಲ್ಲ. ಮದುವೆಯಾದ ಎರಡನೆಯ ವರ್ಷ ಸದ್ದಕ್ಕನ ಹೊಟ್ಟೆಯಲ್ಲಿದ್ದ ಕೂಸು ಉಳಿಯಲಿಲ್ಲ. ಆಸ್ಪತ್ರೆಯಿಂದ ಬಂದವಳು ಕೋಣೆ ಸೇರಿ, ಪರದೆ ಎಳೆದು, ಚಿಲಕ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದಳು. ಗಂಡ ಔಷಧಿ ಕಂಪನಿಯ ಕೆಲಸದವನು, ಬ್ಯಾಗು ಹಿಡಿದು ಊರೂರು ಸುತ್ತಲೇಬೇಕು. ಮಧ್ಯಾಹ್ನ ಮನೆಯೆಲ್ಲ ತಣ್ಣಗಾದ ಹೊತ್ತಿಗೆ ಆ ಹೆಜ್ಜೆ ಶುರುವಾಗುತ್ತಿತ್ತು. ದಿನವೆಲ್ಲ ನೆಲ ಅದುರಿಸುವ ಹೆಂಗಸು ಬೆಕ್ಕಿನ ಹಾಗೆ ಬಂದು ತನ್ನ ಬಾಗಿಲ ಹೊರಗೆ ನಿಂತರೆ ಯಾರಿಗೆ ತಾನೆ ಅನುಮಾನ ಬರುವುದಿಲ್ಲ? ಇನ್ನೂ ಬಿದ್ದುಕೊಂಡಿದ್ದಾಳೋ, ತವರಿಗೆ ಫೋನು ಮಾಡಿ ಏನು ಚಾಡಿ ಹೇಳುತ್ತಿದ್ದಾಳೋ ಎಂದು ಕಿವಿಗೊಡಲು ಬರುತ್ತಾರೆ. ಹಾಗೆಂದುಕೊಂಡು ಸದ್ದಕ್ಕ ಉಸಿರು ಬಿಗಿಹಿಡಿದು ನಿದ್ದೆ ನಟಿಸುತ್ತಿದ್ದಳು. ಹೆಜ್ಜೆ ಹಿಂತಿರುಗಿದ ಮೇಲೆ ದಿಂಬಿಗೆ ಮುಖ ಒತ್ತಿ ಅಳುತ್ತಿದ್ದಳು. ದೊಡ್ಡ ಹಳೇ ಮನೆಯೂ ಬೇಡ, ಮೇಣದಬತ್ತಿಯೂ ಬೇಡ. ಕರೆಂಟ್ ಬಿಲ್ಲು ಸರಿಯಾಗಿ ಕಟ್ಟಿದ ಮೂರು ಕೋಣೆಯ ಮನೆಯಲ್ಲೇ ಅವಳಿಗೆ ನಿರ್ದೇಶಕ ಹೇಳಿದ ಕಥೆಯೆಲ್ಲ ಆಗಿಹೋಗಿತ್ತು.

ಒಂದು ದಿನ ಅವಳು ಎದ್ದಳು, ಈ ಕೆಲಸ ಹಿಡಿದಳು, ಆ ಹೆಜ್ಜೆ ಬರುವುದೂ ನಿಂತಿತು. ಅತ್ತೆ ಸೊಸೆ ಆ ವಿಷಯ ಎತ್ತಲೇ ಇಲ್ಲ. ಜಗಳವಾಡದೆ, ಹತ್ತಿರವೂ ಬರದೆ, ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತ ಅಪರಿಚಿತರ ಹಾಗೆ ವರ್ಷಗಳನ್ನು ಕಳೆದರು. ಹೋದ ವರ್ಷ ಅತ್ತೆ ಜ್ವರದಲ್ಲಿ ಮಲಗಿದವರು ಏಳಲಿಲ್ಲ.

ಧಾರಾವಾಹಿ ಹೊರಬಂತು, ಜನ ತಲೆಯ ಮೇಲೆ ಹೊತ್ತುಕೊಂಡು ಮೆರೆಸಿದರು. ನಾಯಕಿಯನ್ನಲ್ಲ, ಹೆಜ್ಜೆಯನ್ನು. ಹೆಜ್ಜೆ ಯಾರದು, ಯಾಕೆ ನಿಲ್ಲುತ್ತದೆ ಎಂದು ಊರೆಲ್ಲ ಉಗುರು ಕಚ್ಚಿಕೊಂಡು ಕೂತಿತು. ಬಸ್ಸಿನಲ್ಲಿ ಕಾಲೇಜು ಹುಡುಗಿಯರು ಚಪ್ಪಲಿ ಎಳೆದು ಒಬ್ಬರನ್ನೊಬ್ಬರು ಹೆದರಿಸುವುದನ್ನು ಕಂಡು ಸದ್ದಕ್ಕನಿಗೆ ಒಳಗೊಳಗೇ ಹೆಮ್ಮೆಯಾಯಿತು. ಸ್ವಲ್ಪ ಸೇಡು ತೀರಿದ ಹಾಗೂ ಆಯಿತು, ಸುಳ್ಳು ಯಾಕೆ ಹೇಳಬೇಕು.

ಮನೆಯಲ್ಲಿ ಮಾವ ಇದ್ದರು. ಒಂದು ಕಾಲಕ್ಕೆ ಟೈಪಿಂಗ್ ತರಗತಿ ನಡೆಸುತ್ತಿದ್ದವರು. ಸಾಲಾಗಿ ಕೂತ ಮಕ್ಕಳು ಕೀಲಿ ಒತ್ತುವ ಲಯದಲ್ಲೇ ಯಾರ ಬೆರಳು ತಪ್ಪಿತು ಎಂದು ಹೇಳಿಬಿಡುತ್ತಿದ್ದರಂತೆ. ಈಗ ಕಣ್ಣು ಪೂರ್ತಿ ಹೋಗಿತ್ತು. ಹೆಂಡತಿ ಹೋದ ಮೇಲೆ ಊಟ ಬೇಡ, ಮಾತು ಬೇಡ ಎನ್ನುವಂತಾಗಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಬಿಸಿಲು ಕಾಯುತ್ತ ಕೂತಿರುತ್ತಿದ್ದರು. ಮಗ ಫೋನಿನಲ್ಲಿ ಧಾರಾವಾಹಿ ಹಾಕಿಕೊಟ್ಟಿದ್ದ. ಸದ್ದು ಜೋರಾಗಲಿ ಎಂದು ಅವರು ಫೋನನ್ನು ಖಾಲಿ ಸ್ಟೀಲ್ ಲೋಟದೊಳಗೆ ನಿಲ್ಲಿಸಿಕೊಳ್ಳುತ್ತಿದ್ದರು. ಲೋಟದೊಳಗಿಂದ ಆ ಮನೆ, ಆ ಗಾಳಿ, ಆ ಹುಡುಗಿಯ ನಿಟ್ಟುಸಿರು ಎಲ್ಲ ಬಾವಿಯ ಆಳದಿಂದ ಬಂದ ಹಾಗೆ ಬರುತ್ತಿತ್ತು.

ಮೊದಲು ಗಮನಕ್ಕೆ ಬಂದದ್ದು ಗಡ್ಡ. ಒಂದು ಮಧ್ಯಾಹ್ನ ಸದ್ದಕ್ಕ ಬೇಗ ಮನೆಗೆ ಬಂದಾಗ ಮಾವ ನುಣ್ಣಗೆ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಕೂತಿದ್ದರು.

“ಎಲ್ಲಿಗಾದ್ರೂ ಹೊರಟ್ರಾ ಮಾವ?”

“ಇಲ್ಲಮ್ಮ, ಎಲ್ಲಿಗೆ ಹೋಗ್ಲಿ. ಧಾರಾವಾಹಿ ಟೈಮಾಯ್ತು.” ಆಮೇಲೆ ಸ್ವಲ್ಪ ನಾಚಿಕೊಂಡವರ ಹಾಗೆ ಕೇಳಿದರು, “ಇವತ್ತು ಅವಳು ಬರ್ತಾಳಾ?”

ಸದ್ದಕ್ಕನ ಎದೆ ಧಸಕ್ಕೆಂದಿತು. ಬರುತ್ತಾಳೆ ಎಂದಷ್ಟೇ ಹೇಳಿ ಒಳಗೆ ಹೋಗಿ, ಅಡುಗೆಮನೆಯ ಗೋಡೆಗೆ ಒರಗಿ ನಿಂತಳು. ಲೋಟದೊಳಗಿಂದ ಹೆಜ್ಜೆ ಬಂತು. ಮಾವನ ಬೆರಳುಗಳು ಕುರ್ಚಿಯ ಕೈಯ ಮೇಲೆ ಅದೇ ಲಯಕ್ಕೆ ಮೆಲ್ಲಗೆ ಟೈಪು ಮಾಡುತ್ತಿದ್ದವು. ಹೆಜ್ಜೆ ನಿಂತಾಗ ಬೆರಳೂ ನಿಂತವು. ಮುಖದಲ್ಲಿ ಎಂಥ ನೆಮ್ಮದಿ! ಆವತ್ತು ಅವರು ಎರಡನೇ ಸಲ ಅನ್ನ ಕೇಳಿ ಹಾಕಿಸಿಕೊಂಡರು.

ಆಮೇಲಿನ ದಿನಗಳು ಸದ್ದಕ್ಕನಿಗೆ ಮಂಪರಿನಲ್ಲಿ ಕಳೆದವು. ಯಾವುದು ಸ್ಟುಡಿಯೋ, ಯಾವುದು ಮನೆ ಎಂದು ಕಾಲಿಗೇ ಗೊತ್ತಾಗುತ್ತಿರಲಿಲ್ಲ. ಮನೆಯ ಮೊಗಸಾಲೆಯಲ್ಲಿ ನಡೆಯುವಾಗ ಎಡಗಾಲು ತಾನಾಗಿ ಎಳೆಯುತ್ತಿತ್ತು, ಬೆರಳು ಚಪ್ಪಲಿಯನ್ನು ಬಿಗಿಹಿಡಿಯುತ್ತಿತ್ತು. ಒಮ್ಮೆ ಹಾಗೇ ಮಾವನ ಕುರ್ಚಿಯ ಹಿಂದೆ ಹಾದಾಗ ಅವರು ತಲೆ ಎತ್ತದೆ, “ಬಂದ್ಯೇನೇ?” ಎಂದರು. ಸೊಸೆಯ ಜೊತೆ ಆಡುವ ದನಿಯಲ್ಲ ಅದು. ಸದ್ದಕ್ಕ ಹೌದು ಎನ್ನಲಾರದೆ, ಅಲ್ಲ ಎನ್ನಲಾರದೆ ನಿಂತಲ್ಲೇ ನಿಂತಳು. ಕಿಟಕಿಯ ಪರದೆ ಉಬ್ಬಿ ಇಳಿಯಿತು. “ಓ, ನೀನಾ ಅಮ್ಮ,” ಎಂದು ಮಾವ ನಕ್ಕರು. ಅವಳಿಗೆ ಮಾತ್ರ ತಾನು ಸತ್ತವರ ಚಪ್ಪಲಿಯನ್ನು ಕೇಳದೆ ಮೆಟ್ಟಿಕೊಂಡಂತೆ ಕಸಿವಿಸಿಯಾಯಿತು.

ಅಷ್ಟರಲ್ಲಿ ನಿರ್ದೇಶಕ ಕೊನೆಯ ಕಂತು ಬರೆದು ತಂದ. ಕಣ್ಣು ಇನ್ನೂ ಕೆಂಪಗಾಗಿತ್ತು, ಆದರೆ ಮುಖ ಅರಳಿತ್ತು.

“ಹೆಜ್ಜೆ ಬರುತ್ತೆ, ಬಾಗಿಲ ಹೊರಗೆ ನಿಲ್ಲುತ್ತೆ. ಈ ಸಲ ವಾಪಸ್ ಹೋಗಲ್ಲ. ಧಡ್ ಅಂತ ಬಾಗಿಲು ಒದ್ದು ಒಳಗೆ ಬರ್ತಾಳೆ. ಇಷ್ಟು ದಿನ ಬಂದು ನಿಲ್ತಿದ್ದದ್ದು ಯಾಕೆ? ಹುಡುಗಿ ಗಾಢ ನಿದ್ದೆಗೆ ಬಿದ್ದಿದಾಳಾ ಅಂತ ನೋಡೋಕೆ. ಕುತ್ತಿಗೆ ಹಿಸುಕಿ ಸಾಯಿಸೋಕೆ ಸರಿಯಾದ ದಿನ ಹುಡುಕ್ತಿದ್ಲು. ಆಮೇಲೆ ದೀಪ ಉರುಳುತ್ತೆ, ಮನೆ ಹತ್ಕೊಳ್ಳುತ್ತೆ, ಮುದುಕಿ ಬೆಂದುಹೋಗ್ತಾಳೆ. ಹೇಗಿದೆ?”

ಎಲ್ಲರೂ ಚಪ್ಪಾಳೆ ತಟ್ಟಿದರು. ಸದ್ದಕ್ಕನ ಕೈ ಮೇಲೇಳಲಿಲ್ಲ. ಮಾವ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಲೋಟಕ್ಕೆ ಕಿವಿಯಿಟ್ಟು ಕೂತಿರುತ್ತಾರೆ. ಅವರ ಹೆಂಡತಿ ನಡೆದು ಬಂದು ಒಂದು ಹೆಣ್ಣುಮಗಳ ಕುತ್ತಿಗೆ ಹಿಸುಕುತ್ತಾಳೆ, ಆಮೇಲೆ ಬಿಸ್ಕತ್ತಿನ ಕಾಗದದ ಬೆಂಕಿಯಲ್ಲಿ ಬೇಯುತ್ತಾಳೆ. ಅದನ್ನೆಲ್ಲ ಮಾಡುವವಳು ತಾನು.

“ಸರ್, ಅವಳು ಸುಮ್ನೆ ಬಂದು ಹೋಗೋ ಹಾಗೆ ಬಿಟ್ಬಿಟ್ರೆ ಆಗಲ್ವಾ?”

“ಅಕ್ಕ, ತಮಾಷೆ ಮಾಡ್ಬೇಡಿ. ಇಷ್ಟು ದಿನ ಬಾಗಿಲ ಹೊರಗೆ ನಿಂತೋಳು ಏನೂ ಮಾಡ್ದೆ ಹೋದ್ರೆ ಜನ ನನ್ನ ಕುತ್ತಿಗೆ ಹಿಸುಕ್ತಾರೆ.”

ಆವತ್ತು ಮನೆಗೆ ಬಂದವಳು ಕೈಕಾಲು ತೊಳೆದು ಸೀದಾ ಮಾವನ ಕುರ್ಚಿಯ ಹತ್ತಿರ ನೆಲದ ಮೇಲೆ ಕೂತಳು. ಇಳಿಬಿಸಿಲು ಮಾವನ ಮೊಣಕಾಲಿನವರೆಗೆ ಬಂದಿತ್ತು. ಗಂಡ ಊರಲ್ಲಿರಲಿಲ್ಲ.

“ಮಾವ, ಒಂದು ವಿಷಯ ಹೇಳ್ಬೇಕು. ಆ ಧಾರಾವಾಹಿಲಿ ಬರೋ ಹೆಜ್ಜೆ…”

“ನಿಮ್ಮತ್ತೇದು,” ಎಂದರು ಮಾವ. “ಕಣ್ಣು ಹೋಗಿದೆ, ಕಿವಿ ಹೋಗಿಲ್ವಲ್ಲಮ್ಮ. ನಡೆಯೋದು ನೀನು ಅಂತಾನೂ ಗೊತ್ತು. ಗೊತ್ತಿದ್ದೂ ಒಂದೊಂದು ಸಲ ಮರೆತುಹೋಗುತ್ತೆ, ಬೇಜಾರು ಮಾಡ್ಕೋಬೇಡ.”

“ಮುಂದಿನ ವಾರ ಕೊನೇ ಕಂತು. ಅದನ್ನ ಮಾತ್ರ ನೀವು ಕೇಳ್ಬಾರ್ದು.”

“ಯಾಕೆ?”

“ಆ ಹೆಂಗಸು ಬಾಗಿಲ ಹತ್ರ ಯಾಕೆ ಬರ್ತಿದ್ಲು ಅಂತ ಅದರಲ್ಲಿ ಹೇಳ್ತಾರೆ.”

“ಯಾಕೆ ಬರ್ತಿದ್ಲು?”

“ಕೊಲ್ಲೋಕೆ, ಮಾವ.”

ಕುರ್ಚಿಯ ಕೈಯ ಮೇಲೆ ಆಡುತ್ತಿದ್ದ ಬೆರಳುಗಳು ನಿಂತವು. ಮಾವ ಮುಖವನ್ನು ಅವಳ ದನಿಯ ಕಡೆಗೆ ತಿರುಗಿಸಿದರು. “ಅದು ಕಥೆ. ಇರ್ಲಿ. ನೀನು ಏನಂದ್ಕೊಂಡಿದ್ದೆ? ನಿಮ್ಮತ್ತೆ ಯಾಕೆ ಬರ್ತಿದ್ಲು ಅಂತ?”

ಒಂದು ಸುಳ್ಳು ಹೇಳಿ ಜಾರಿಕೊಳ್ಳಬಹುದಿತ್ತು. ಸದ್ದಕ್ಕನಿಗೆ ಯಾಕೋ ಅವರ ಕಾಣದ ಕಣ್ಣಿನ ಎದುರು ಸುಳ್ಳು ಬರಲಿಲ್ಲ. “ನಾನು ಎದ್ದಿದೀನೋ ಬಿದ್ಕೊಂಡಿದೀನೋ ಅಂತ ಪತ್ತೆ ಮಾಡೋಕೆ. ಅಮ್ಮನ ಹತ್ರ ಏನು ಚಾಡಿ ಹೇಳ್ತೀನಿ ಅಂತ ಕೇಳಿಸ್ಕೊಳ್ಳೋಕೆ. ಮಗು ಉಳಿಸ್ಕೊಳ್ಳಕ್ಕಾಗ್ದೋಳು ಅಂತ ನನ್ನ ಮೇಲೆ ಸಿಟ್ಟಿದೆ ಅಂದ್ಕೊಂಡಿದ್ದೆ.”

“ಅಯ್ಯೋ ಹುಚ್ಚು ಹುಡುಗಿ!” ಮಾವನ ದನಿ ಒಡೆಯಿತು. “ಇಷ್ಟು ವರ್ಷ ಇದನ್ನೇ ಹೊಟ್ಟೆಯಲ್ಲಿಟ್ಕೊಂಡಿದ್ಯಾ?”

ಅವರು ಕೈ ಚಾಚಿ ಗಾಳಿಯಲ್ಲಿ ತಡಕಾಡಿದರು. ಸದ್ದಕ್ಕ ತನ್ನ ಕೈ ಕೊಟ್ಟಳು.

“ಅವಳು ಹೇಗೆ ನಡೀತಿದ್ಲು ಅಂತ ನಿನಗೇ ಗೊತ್ತು, ನೆಲ ಅದುರೋದು. ಇಡೀ ಮನೇಲಿ ಒಂದೇ ಕಡೆ ಹಾಗೆ ಮೆತ್ತಗೆ ನಡೀತಿದ್ಲು, ನಿನ್ನ ರೂಮಿನ ಮುಂದೆ. ಊಟ ಆದ್ಮೇಲೆ ಏಳೋಳು. ‘ಇವತ್ತು ಹೋಗಿ ಅವಳ ಪಕ್ಕ ಕೂತ್ಕೋತೀನಿ ಕಣ್ರೀ’ ಅಂತ ಹೇಳಿ ಹೋಗೋಳು. ಬಾಗಿಲವರೆಗೂ ಹೋಗಿ, ಕದ ತಟ್ಟೋಕೆ ಕೈ ಎತ್ತೋಳಂತೆ. ಆಮೇಲೆ ವಾಪಸ್ ಬಂದು ಇಲ್ಲೇ, ಈ ಮಂಚದ ಮೇಲೆ ಕುಸಿಯೋಳು. ‘ಆಗ್ಲಿಲ್ಲ. ಹೋಗಿ ಏನ್ ಹೇಳ್ಲಿ? ಓಡು, ನಿಲ್ಲು, ಸಾಲಲ್ಲಿ ಬಾ ಅಂತ ಕೂಗೋದು ಬಿಟ್ರೆ ನನಗೆ ಇನ್ನೇನು ಬರುತ್ತೆ? ನಾನು ಬಾಯಿಬಿಟ್ರೆ ಬೈದ ಹಾಗಿರುತ್ತೆ, ಮೊದ್ಲೇ ನೊಂದಿದೆ ಮಗು’ ಅಂತಿದ್ಲು. ಮಾರನೇ ದಿನ ಮತ್ತೆ ಹೋಗೋಳು. ಮತ್ತೆ ಬರೋಳು.”

ಸದ್ದಕ್ಕ ತನ್ನ ಕೋಣೆಯ ಬಾಗಿಲ ಕಡೆಗೆ ತಿರುಗಿ ನೋಡಿದಳು.

“ನನಗೆ ಯಾಕೆ ಹೇಳ್ಲಿಲ್ಲ ಮಾವ?” ಕೇಳಿದಳು.

“ಹೇಳ್ಬೇಡಿ, ಅವಳಿಗೆ ಮುಜುಗರ ಆಗುತ್ತೆ ಅಂದಿದ್ಲು. ಆಮೇಲೆ ನಿನಗೆ ಗೊತ್ತಾಗಿದೆ ಅಂತಾನೇ ಅಂದ್ಕೊಂಡಿದ್ದೆ. ಫೋನಲ್ಲಿ ಆ ಹೆಜ್ಜೆ ಕೇಳಿದಾಗ, ನೋಡು, ಇವಳು ಅತ್ತೆನ ಎಷ್ಟು ನೆನೆಸ್ಕೊಂಡು ನಡೀತಿದಾಳೆ ಅಂತ ನನಗೆ ಎಷ್ಟು ಖುಷಿ ಆಯ್ತು ಗೊತ್ತಾ?”

ಆಗ ಸದ್ದಕ್ಕ ಅತ್ತಳು. ಮಾವನ ಮೊಣಕಾಲಿಗೆ ಹಣೆಯಿಟ್ಟು, ಮುಚ್ಚುಮರೆಯಿಲ್ಲದೆ, ಸದ್ದು ಮಾಡಿ ಅತ್ತಳು. ಊರಿನವರ ಕಾಲಿನ ಸದ್ದಿಗೆಲ್ಲ ಅರ್ಥ ಹಚ್ಚಿ ಹೊಟ್ಟೆ ಹೊರೆಯುವವಳು, ತನ್ನ ಬಾಗಿಲಿಗೇ ದಿನಾ ಬಂದು ನಿಂತ ಹೆಜ್ಜೆಗೆ ಎಂಥ ಅರ್ಥ ಹಚ್ಚಿಬಿಟ್ಟಿದ್ದಳು! ಒಳಗೆ ಇವಳು ಉಸಿರು ಬಿಗಿಹಿಡಿದು ಮಲಗಿದ್ದಾಳೆ, ಹೊರಗೆ ಅವರು ಕೈ ಎತ್ತಿ ನಿಂತಿದ್ದಾರೆ. ನಡುವೆ ಎಷ್ಟಿತ್ತು? ಒಂದು ಕದ, ಒಂದು ಚಿಲಕ. ಎದ್ದು ತೆಗೆದಿದ್ದರೆ ಆಗುತ್ತಿತ್ತು. ಬೀಗ ಹಾಕಿದ ಕೋಣೆಗೆ ನುಗ್ಗುವ ಆ ನಾಯಕಿಯನ್ನು ದಡ್ಡಿ ಎಂದು ದಿನಾ ಬೈಯುತ್ತಿದ್ದಳಲ್ಲ, ಆ ದಡ್ಡಿಗಾದರೂ ಬಾಗಿಲು ತೆರೆದು ನೋಡುವ ಧೈರ್ಯವಿತ್ತು. ಮಾವ ಅವಳ ತಲೆ ಸವರುತ್ತ, “ಅತ್ಬಿಡಮ್ಮ, ಅತ್ಬಿಡು,” ಎನ್ನುತ್ತಿದ್ದರು.

ಕೊನೆಯ ಕಂತಿನ ರೆಕಾರ್ಡಿಂಗ್ ದಿನ ಸದ್ದಕ್ಕ ರಬ್ಬರ್ ಚಪ್ಪಲಿ ಮೆಟ್ಟಿ ಕಲ್ಲಿನ ಮೇಲೆ ನಿಂತಳು. ಗಾಜಿನ ಆಚೆಯಿಂದ ರೆಕಾರ್ಡಿಂಗ್‌ನವನು ಕೈ ಎತ್ತಿ ಶುರು ಎಂದ. ನಡೆದಳು. ಈಗ ಆ ಹೆಜ್ಜೆ ಕಾಲಿಗೆ ಬೇರೆಯೇ ಆಗಿ ತಿಳಿಯುತ್ತಿತ್ತು. ಬೆರಳು ಚಪ್ಪಲಿಯನ್ನು ಯಾಕೆ ಬಿಗಿಹಿಡಿಯುತ್ತದೆ? ಒಳಗಿನ ಜೀವ ಎಚ್ಚರಗೊಳ್ಳದಿರಲಿ ಎಂದು. ಎಡಗಾಲು ಯಾಕೆ ಎಳೆಯುತ್ತದೆ? ಹೋಗಲೋ ಬೇಡವೋ ಎಂದು. ಬಾಗಿಲ ಮುಂದೆ ನಿಂತಳು. ಇನ್ನು ಒದೆಯಬೇಕು. ನಿರ್ದೇಶಕ ಗಾಜಿನ ಆಚೆ ಮುಷ್ಟಿ ಬಿಗಿಹಿಡಿದು ಕಾದಿದ್ದ. ಸದ್ದಕ್ಕ ನಿಂತೇ ಇದ್ದಳು. ಕಂಬಳಿ ಹೊದ್ದ ಆ ಕೋಣೆಯ ನಿಶ್ಶಬ್ದದಲ್ಲಿ ಅವಳ ಉಸಿರು ಮಾತ್ರ ಕೇಳುತ್ತಿತ್ತು, ಹಿಂದಿನ ಎಷ್ಟೋ ಮಧ್ಯಾಹ್ನಗಳು ಬಂದು ಅವಳ ಜೊತೆ ಅಲ್ಲಿ ನಿಂತ ಹಾಗಿತ್ತು.

“ಅಕ್ಕ, ಒದೀರಿ!” ಸ್ಪೀಕರಿನಲ್ಲಿ ನಿರ್ದೇಶಕನ ದನಿ.

“ಆಗಲ್ಲ ಸರ್.”

“ಕಾಲು ಉಳುಕಿತಾ?”

“ಇಲ್ಲ. ಈ ಹೆಜ್ಜೆ ಒದೆಯೋ ಹೆಜ್ಜೆ ಅಲ್ಲ. ಕೊಲ್ಲೋಕೆ ಕಥೇಲಿ ಬೇರೆ ಯಾರನ್ನಾದ್ರೂ ಕರ್ಸಿ, ಅವರ ಹೆಜ್ಜೆನೂ ನಾನೇ ನಡೆದುಕೊಡ್ತೀನಿ. ಇವರ ಕೈಲಿ ಮಾತ್ರ ಮಾಡ್ಸಲ್ಲ.”

“ಇವರ ಅಂದ್ರೆ ಯಾರ ಕೈಲಿ?” ನಿರ್ದೇಶಕ ಒಳಗೆ ಬಂದು ತಲೆ ಕೆರೆದುಕೊಂಡ, ಆಮೇಲೆ ಕೂಗಾಡಿದ. ಕೇಳುಗರು ಮೋಸ ಅಂತಾರೆ, ಮಾಡಿದ್ದೆಲ್ಲ ಮಣ್ಣುಪಾಲಾಗುತ್ತದೆ, ಇಷ್ಟು ದಿನದ ಹಳೇ ಹೆಜ್ಜೆಯನ್ನೇ ಕತ್ತರಿಸಿ ಅಂಟಿಸುತ್ತೇನೆ ಎಂದ. ಸದ್ದಕ್ಕ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡಳು.

“ಅಂಟಿಸಿದ್ರೆ ನಾಳೆಯಿಂದ ನಾನು ಬರಲ್ಲ ಸರ್. ಬೆದರಿಸ್ತಿಲ್ಲ, ನಿಜವಾಗ್ಲೂ ಬರಕ್ಕಾಗಲ್ಲ. ಅವರು ನಮ್ಮತ್ತೆ.”

ನಿರ್ದೇಶಕ ಅವಳ ಕೈಯಲ್ಲಿದ್ದ ಚಪ್ಪಲಿ ನೋಡಿದ. ಹುಡುಗ ಕೆಟ್ಟವನಲ್ಲ. ಆ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, “ಸರಿ, ಬೂಟು ಹಾಕ್ಕೊಳ್ಳಿ. ದಿನಾ ಬಂದು ನಿಲ್ತಿದ್ದೋಳು ಇವಳೇ ಅನ್ನೋ ಮಾತು ತೆಗೆದುಬಿಡ್ತೀನಿ,” ಎಂದ.

ಬೂಟು ಮೆಟ್ಟಿ ಸದ್ದಕ್ಕ ಧಡಧಡ ನಡೆದು ಬಂದು ಬಾಗಿಲು ಒದ್ದಳು. ಕ್ಯಾರೆಟ್ಟು ಮುರಿದಳು, ಕಾಗದ ಹಿಸುಕಿ ಮನೆ ಸುಟ್ಟಳು. ಆಮೇಲಾದದ್ದೇ ತಮಾಷೆ. ಬೂಟಿನ ಹೆಜ್ಜೆ ಕೇಳಿದ ಜನ ಮೋಸ ಎನ್ನಲಿಲ್ಲ. ಆ ಮನೆಯಲ್ಲಿ ಇಬ್ಬರು ಹೆಂಗಸರಿದ್ದರು, ಒಬ್ಬಳು ಕೊಲ್ಲಲು ಬಂದವಳು, ಇನ್ನೊಬ್ಬಳು ಅಷ್ಟು ದಿನ ಬಾಗಿಲಲ್ಲಿ ನಿಂತು ಹುಡುಗಿಗೆ ಕಾವಲಿದ್ದವಳು ಎಂದು ತಾವೇ ಅರ್ಥ ಮಾಡಿಕೊಂಡು ಹಾಡಿ ಹೊಗಳಿದರು. ಅದು ಮೊದಲಿನಿಂದಲೂ ನನ್ನ ತಲೆಯಲ್ಲಿತ್ತು ಎಂದು ನಿರ್ದೇಶಕ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಸದ್ದಕ್ಕ ಅಲ್ಲಗಳೆಯಲಿಲ್ಲ.

ಆ ಹೊಗಳಿಕೆಯೆಲ್ಲ ನಂತರದ ಮಾತು. ಕೊನೆಯ ಕಂತು ಬಂದ ಮಧ್ಯಾಹ್ನ ಸದ್ದಕ್ಕ ರಜೆ ಹಾಕಿ ಮನೆಯಲ್ಲಿದ್ದಳು. ಕೇಳಬೇಡಿ ಎಂದಿದ್ದರೂ ಮಾವ ಹಟ ಹಿಡಿದಿದ್ದರು. “ಏನ್ ಮಾಡಿದ್ಯೋ ಕೇಳ್ತೀನಿ,” ಎಂದು ಗಡ್ಡ ಬೋಳಿಸಿಕೊಂಡು, ಅಂಗಿ ಬದಲಿಸಿಕೊಂಡು ಕೂತಿದ್ದರು. ಸದ್ದಕ್ಕ ಅವರ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಲೋಟದೊಳಗೆ ಗಾಳಿ ಬೀಸಿತು, ಬಾವಲಿ ಹಾರಿತು. ಬೂಟು ಬಂತು. ಮಾವ ಕುತ್ತಿಗೆ ಮುಂದೆ ಚಾಚಿದರು. ಬಾಗಿಲು ಮುರಿಯಿತು, ಚೀರಾಟವಾಯಿತು, ಬೆಂಕಿ ಚಟಪಟಗುಟ್ಟಿತು, ಮನೆ ಕುಸಿಯಿತು. ಆಮೇಲೆ ಸುಮ್ಮನಾಯಿತು.

ಮಾವ ಲೋಟವನ್ನು ಪಕ್ಕಕ್ಕೆ ಸರಿಸಿದರು. “ಇವಳು ಯಾರೋ ಬೇರೆ.”

“ಹೌದು ಮಾವ, ಬೇರೆ.”

“ನಿಮ್ಮತ್ತೆ ಇವತ್ತು ಬರ್ಲೇ ಇಲ್ಲ.”

“ಇಲ್ಲ ಮಾವ.”

ಅವರು ಕಿಟಕಿಯ ಕಡೆಗೆ ಮುಖ ತಿರುಗಿಸಿದರು. ಬೆರಳುಗಳು ಕುರ್ಚಿಯ ಕೈಯ ಮೇಲೆ ಆಡಲಿಲ್ಲ. ಇನ್ನು ಮುಂದೆ ಯಾವ ಮಧ್ಯಾಹ್ನವೂ ಆ ಹೆಜ್ಜೆ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

“ಹಾಗಾದ್ರೆ ಎಲ್ಲಿ ಹೋದ್ಲು?” ಮಾವ ಮಗುವಿನ ಹಾಗೆ ಕೇಳಿದರು.

“ಎಲ್ಲೂ ಹೋಗಿಲ್ಲ. ನನ್ನ ರೂಮಲ್ಲಿದಾರೆ,” ಎಂದಳು ಸದ್ದಕ್ಕ. “ನಾನೇ ಬಾಗಿಲು ತೆಗೆದು ಒಳಗೆ ಕರೆದೆ, ಮಾವ.”

ಮಾವ ಅವಳ ಕೋಣೆಯ ಕಡೆಗೆ ಕಿವಿ ತಿರುಗಿಸಿದರು. “ಕೂತಿದಾಳಾ?”

“ಕೂತಿದಾರೆ.”

“ಸದ್ಯ,” ಎಂದರು ಮಾವ. “ನಿಂತು ನಿಂತು ಅವಳ ಕಾಲು ಸೋತುಹೋಗಿತ್ತು.”